ಹಿತ್ತಲ ಪ್ರಶ್ನೋತ್ತರ: ಸೂರ್ಯ ಮುಳುಗದ ಊರಲ್ಲಿ ಟೊಮೆಟೊ

ಪ್ರಶ್ನೆ: ಮಗಳು, ಅಳಿಯ ಸ್ವೀಡನ್ನಿನ ಉತ್ತರ ತುದಿಯ ಕಿರುನಾದಲ್ಲಿದ್ದಾರೆ. ಅಳಿಯನಿಗೆ ಅಲ್ಲಿನ ಕಬ್ಬಿಣದ ಅದಿರಿನ ಗಣಿಯಲ್ಲಿ ಕೆಲಸ. ಮಗಳು ಹಿತ್ತಲಲ್ಲಿ ಪಾಲಿಕಾರ್ಬೊನೇಟ್ ಹಾಳೆಯ ಪುಟ್ಟ ಹಸಿರುಮನೆ ಮಾಡಿಕೊಂಡು ಟೊಮೆಟೊ ಹಾಕಿದ್ದಳು. ಗಿಡ ಸೂರು ಮುಟ್ಟಿತು, ಹೂವೂ ಬಂತು, ಕಾಯಿ ಕಚ್ಚಿದ್ದು ಮಾತ್ರ ಬೆರಳೆಣಿಕೆಯಷ್ಟು. ಅವೂ ಹಣ್ಣಾಗುವ ಮೊದಲೇ ಚಳಿ ಬಂದುಬಿಟ್ಟಿತು. ಅಲ್ಲಿ ಬೇಸಿಗೆಯಲ್ಲಿ ರಾತ್ರಿಯೇ ಆಗಲ್ವಂತೆ, ಅದಕ್ಕೇ ಹೀಗಾ? ಇಲ್ಲಿಂದ ಒಳ್ಳೆ ಬೀಜ ಕಳಿಸಲಾ?
– ಗೃಹಿಣಿ, ವಿದ್ಯಾನಗರ, ದಾವಣಗೆರೆ

ಉತ್ತರ: ಬೀಜ ಕಳಿಸಬೇಡಿ ಅಮ್ಮಾ. ಯುರೋಪ್ ಒಕ್ಕೂಟದ ದೇಶಗಳಿಗೆ ಹೊರಗಿನಿಂದ ಬೀಜ ಹೋಗಬೇಕಾದರೆ ಫೈಟೋಸ್ಯಾನಿಟರಿ ಪ್ರಮಾಣಪತ್ರ, ಅಂದರೆ ಅದರಲ್ಲಿ ರೋಗ ಕೀಟ ಇಲ್ಲ ಅನ್ನುವ ಸರ್ಕಾರಿ ಪತ್ರ ಬೇಕು. ಉಪ್ಪಿನಕಾಯಿ ಡಬ್ಬಿ ಪಕ್ಕ ಒಂದು ಪೊಟ್ಟಣ ತುರುಕಿ ಕಳಿಸುವ ವಿಷಯವಲ್ಲ. ಕಳಿಸಿದರೂ ಹೆಚ್ಚು ಪ್ರಯೋಜನ ಇಲ್ಲ, ನಮ್ಮ ಹೈಬ್ರಿಡ್‌ಗಳು ನಮ್ಮ ಬಿಸಿಲಿಗೆ, ನಮ್ಮ ರೋಗಗಳಿಗೆ ಅಂತ ಮಾಡಿದವು. ಅವಳು ಅಲ್ಲೇ ಸಿಗುವ, ಬೇಗ ಹಣ್ಣಾಗುವ ತಳಿ ಹುಡುಕಲಿ. ಸ್ಟುಪಿಟ್ಸೆ, ಸಬ್‌ಆರ್ಕ್ಟಿಕ್ ಪ್ಲೆಂಟಿ ಎಂಬ ತಳಿಗಳಿವೆ, ಚೆರ್ರಿ ಜಾತಿಯಲ್ಲಿ ಸನ್‌ಗೋಲ್ಡ್ ಇದೆ. ದಪ್ಪ ಹಣ್ಣಿನ ಆಸೆ ಬಿಡಬೇಕು. ಹಣ್ಣು ಚಿಕ್ಕದಾದಷ್ಟೂ ಬೇಗ ಕೆಂಪಾಗುತ್ತದೆ.

ಕಿರುನಾದಲ್ಲಿ ಮೇ ಕೊನೆಯಿಂದ ಜುಲೈ ಮಧ್ಯದವರೆಗೆ ಸೂರ್ಯ ಮುಳುಗುವುದಿಲ್ಲ, ನಿಜ. ಆದರೆ ನಡುರಾತ್ರಿಯ ಬಿಸಿಲು ತೀರಾ ಓರೆ, ಅದರಲ್ಲಿ ಕಸುವಿಲ್ಲ. ಗಿಡಕ್ಕೆ ಅದರಿಂದ ತೊಂದರೆ ಆಗಲಿಲ್ಲ ಅಂದುಕೊಳ್ಳಿ. ತೊಂದರೆ ಕೊಡುವುದು 24 ಗಂಟೆಯೂ ಉರಿಯುವ ದೀಪ. ಟೊಮೆಟೊಗೆ ದಿನಕ್ಕೆ ಒಂದಷ್ಟು ಹೊತ್ತು ಕತ್ತಲು ಬೇಕು, ಇಲ್ಲದಿದ್ದರೆ ಎಲೆ ಹಳದಿಯಾಗಿ ಸೊರಗುತ್ತದೆ. ಮನೆಯೊಳಗೆ ಎಲ್‌ಇಡಿ ಕೆಳಗೆ ಸಸಿ ಬೆಳೆಸುವಾಗ 16 ಗಂಟೆ ಉರಿಸಿ ಆರಿಸಿಬಿಡಲಿ.

ಅಲ್ಲಿ ಕೊರತೆ ಇರುವುದು ದಿನಗಳಿಗೆ. ಜೂನ್ ಮೊದಲ ವಾರದಲ್ಲೂ ಹಿಮ ಬೀಳುವ ಊರು ಅದು. ಆಗಸ್ಟ್ ಕೊನೆಗೆ ಮತ್ತೆ ಚಳಿ ಹಿಡಿಯುತ್ತದೆ. ಹಸಿರುಮನೆ ಇದ್ದರೆ ಎರಡೂ ಕಡೆ ಕೆಲವು ವಾರ ಸಿಗುತ್ತವೆ, ಅಷ್ಟೇ. ಹಾಗಾಗಿ ಲೆಕ್ಕವನ್ನು ಹಿಂದಿನಿಂದ ಹಾಕಬೇಕು. ಹೂ ಅರಳಿದ ಮೇಲೆ ಹಣ್ಣಾಗಲು ತಂಪಿನ ಜಾಗದಲ್ಲಿ ಏಳೆಂಟು ವಾರ ಹಿಡಿಯುತ್ತದೆ. ಸೆಪ್ಟೆಂಬರ್ ಎರಡನೇ ವಾರಕ್ಕೆ ಆಟ ಮುಗಿಯಿತು ಅಂತಾದರೆ, ಜುಲೈ ಮೂರನೇ ವಾರದ ನಂತರ ಅರಳಿದ ಹೂವಿನಿಂದ ಕೆಂಪು ಹಣ್ಣು ಕಾಣುವುದು ಕಷ್ಟ. ಗಿಡ ಸೂರು ಮುಟ್ಟಿತು ಅಂತ ಬರೆದಿದ್ದೀರಲ್ಲಾ, ಅಲ್ಲೇ ಇದೆ ನೋಡಿ ಎಡವಟ್ಟು. ಮೂರು ಅಥವಾ ನಾಲ್ಕು ಗೊಂಚಲು ಕಟ್ಟಿದ ಕೂಡಲೇ, ಮೇಲಿನ ಗೊಂಚಲಿನ ಆಚೆ ಎರಡು ಎಲೆ ಬಿಟ್ಟು ಸುಳಿ ಚಿವುಟಿಬಿಡಬೇಕು. ಎಲೆಯ ಕಂಕುಳಲ್ಲಿ ಬರುವ ಚಿಗುರನ್ನೂ ವಾರವಾರ ಮುರಿಯಬೇಕು. ಕರುಣೆ ತೋರಿಸಬಾರದು. ಬಿತ್ತನೆ ಮಾರ್ಚ್ ಮೊದಲಲ್ಲೇ, ಮನೆಯೊಳಗೆ. ಜೂನ್‌ನಲ್ಲಿ ಹಸಿರುಮನೆಗೆ ಹೋಗುವ ಸಸಿಯಲ್ಲಿ ಮೊದಲ ಮೊಗ್ಗು ಆಗಲೇ ಕಾಣುತ್ತಿರಬೇಕು.

ಕಾಯಿ ಕಚ್ಚದೇ ಇರಲು ಎರಡು ಕಾರಣ ಇರಬಹುದು. ರಾತ್ರಿ 10 ಡಿಗ್ರಿಗಿಂತ ಕೆಳಗಿಳಿದರೆ ಪರಾಗ ಸರಿಯಾಗಿ ಬಲಿಯುವುದಿಲ್ಲ. ಕಪ್ಪು ಬಣ್ಣದ ಡ್ರಮ್‌ಗಳಲ್ಲಿ ನೀರು ತುಂಬಿ ಉತ್ತರದ ಗೋಡೆಗೆ ಸಾಲಾಗಿ ಇಟ್ಟರೆ ಹಗಲು ಕುಡಿದ ಕಾವನ್ನು ರಾತ್ರಿ ಬಿಡುತ್ತವೆ. ಅದಕ್ಕೂ ಬಗ್ಗದಿದ್ದರೆ ಥರ್ಮೋಸ್ಟಾಟ್ ಇರುವ ಸಣ್ಣ ಹೀಟರ್. ಇನ್ನೊಂದು ಕಾರಣ ಗಾಳಿ. ಟೊಮೆಟೊ ಹೂವಿನಲ್ಲಿ ಗಂಡು ಹೆಣ್ಣು ಎರಡೂ ಇರುತ್ತವೆ, ಹೊರಗಿನ ಹೊಲದಲ್ಲಿ ಗಾಳಿಗೆ ಅಲುಗಾಡಿದರೂ ಸಾಕು, ಪರಾಗ ಉದುರುತ್ತದೆ. ಮುಚ್ಚಿದ ಮನೆಯಲ್ಲಿ ಅಲುಗಾಡಿಸುವವರು ಯಾರು? ಮಧ್ಯಾಹ್ನ, ಒಳಗಿನ ತೇವ ಕಡಿಮೆಯಾದ ಹೊತ್ತಿಗೆ, ಬ್ಯಾಟರಿ ಟೂತ್‌ಬ್ರಷ್ ಚಾಲೂ ಮಾಡಿ ಅದರ ಬೆನ್ನನ್ನು ಗೊಂಚಲಿನ ತೊಟ್ಟಿಗೆ ಎರಡು ಸೆಕೆಂಡ್ ಹಿಡಿಯಲಿ. ಹೂವಿನ ಮೂತಿಯಿಂದ ಅರಿಶಿನದಂಥ ಪುಡಿ ಉದುರುವುದು ಕಣ್ಣಿಗೆ ಕಾಣುತ್ತದೆ. ವಾರಕ್ಕೆ ಎರಡು ಮೂರು ಸಲ ಮಾಡಿದರೆ ಸಾಕು.

ಚಳಿ ದೇಶ ಅಂತ ಕಿಟಕಿ ಮುಚ್ಚಿಟ್ಟರೂ ಕೆಟ್ಟಿತು. ಜೂನ್ ಬಿಸಿಲಿಗೆ ಮುಚ್ಚಿದ ಹಸಿರುಮನೆ ಒಳಗೆ 35 ಡಿಗ್ರಿ ದಾಟುವುದು ಸುಲಭ, ಆಗಲೂ ಹೂ ಉದುರುತ್ತದೆ. ಸೂರಿನ ಕಿಟಕಿಗೆ ಮೇಣದ ಸಿಲಿಂಡರ್ ಇರುವ ಒಂದು ಉಪಕರಣ ಸಿಗುತ್ತದೆ. ಬಿಸಿಗೆ ಮೇಣ ಹಿಗ್ಗಿ ದಂಡವನ್ನು ತಳ್ಳಿ ಕಿಟಕಿ ತೆರೆಯುತ್ತದೆ, ತಣ್ಣಗಾದರೆ ತಾನೇ ಮುಚ್ಚುತ್ತದೆ. ಕರೆಂಟೂ ಬೇಡ, ಮಗಳು ಕೆಲಸದಿಂದ ಓಡಿ ಬರುವುದೂ ಬೇಡ.

ಕೊನೆಗೆ ಉಳಿದ ಹಸಿರು ಕಾಯಿಗಳಲ್ಲಿ ಬಲಿತವನ್ನು ಒಂದು ರಟ್ಟಿನ ಪೆಟ್ಟಿಗೆಯಲ್ಲಿ ಹಣ್ಣಾದ ಬಾಳೆಹಣ್ಣಿನ ಜೊತೆ ಮನೆಯೊಳಗೆ ಇಡಲಿ. ಬಾಳೆಹಣ್ಣು ಬಿಡುವ ಎಥಿಲೀನ್ ಎಂಬ ಅನಿಲಕ್ಕೆ ಅವು ಕೆಂಪಾಗುತ್ತವೆ, ಬಿಸಿಲು ಬೇಕಿಲ್ಲ. ಎಳೆಯವು ಹಣ್ಣಾಗುವುದಿಲ್ಲ, ಅವಕ್ಕೆ ಹಸಿಮೆಣಸು, ಶೇಂಗಾ ಹಾಕಿ ಚಟ್ನಿ ಮಾಡುವುದನ್ನು ನೀವೇ ಫೋನಲ್ಲಿ ಹೇಳಿಕೊಡಿ.

ಪ್ರಶ್ನೆ: ಐಸ್‌ಲ್ಯಾಂಡಿನಲ್ಲಿ ಹೊರಗೆ ಹಿಮ, ಒಳಗೆ ಕೆಂಪು ಟೊಮೆಟೊ, ಅಂಥ ವಿಡಿಯೊ ನೋಡಿದೆ. ಅವರಿಗೇ ಆಗುವುದಾದರೆ ನಮಗ್ಯಾಕೆ ಆಗಲ್ಲ? ಎರಡು ಎಕರೆ ಇದೆ, ಬೋರ್ ಇದೆ. ಪಾಲಿಹೌಸ್ ಹಾಕಿ ವರ್ಷವಿಡೀ ಟೊಮೆಟೊ ಬೆಳೆಯಬಹುದಾ?
– ರೈತರೊಬ್ಬರು, ಚಳ್ಳಕೆರೆ ತಾಲ್ಲೂಕು

ಉತ್ತರ: ಐಸ್‌ಲ್ಯಾಂಡಿನವರಿಗೆ ನೆಲದಡಿಯ ಬಿಸಿನೀರು ಇದೆ, ಅಣ್ಣಾ. ಆ ನೀರನ್ನು ಪೈಪಿನಲ್ಲಿ ಹರಿಸಿ 1924ರಿಂದಲೇ ಹಸಿರುಮನೆ ಕಾಯಿಸುತ್ತಿದ್ದಾರೆ. ಚಳಿಗಾಲದ ಕತ್ತಲಿಗೆ ದೀಪ ಉರಿಸಲು ಜಲವಿದ್ಯುತ್, ಭೂಶಾಖದ ವಿದ್ಯುತ್ ಎರಡೂ ಇದೆ. ಹೂ ಅಲುಗಾಡಿಸಲು ನೆದರ್‌ಲ್ಯಾಂಡಿನಿಂದ ಬಂಬಲ್‌ಬೀ ದುಂಬಿಗಳನ್ನು ಪೆಟ್ಟಿಗೆಯಲ್ಲಿ ತರಿಸುವ ತೋಟಗಳೂ ಇವೆ. ಅವರು ದುಡ್ಡು ಸುರಿಯುವುದು ಕಾವಿಗೆ, ಬೆಳಕಿಗೆ. ನಿಮಗೆ ಅವೆರಡೂ ಪುಕ್ಕಟೆ, ಜಾಸ್ತಿಯೇ ಇವೆ! ಚಳ್ಳಕೆರೆಯ ಏಪ್ರಿಲ್ ಬಿಸಿಲಲ್ಲಿ ಪಾಲಿಹೌಸ್ ಒಳಗೆ ಹೊಕ್ಕು ಐದು ನಿಮಿಷ ನಿಂತು ನೋಡಿ, ಹೂ ಯಾಕೆ ಉದುರುತ್ತದೆ ಅಂತ ನನ್ನನ್ನು ಕೇಳುವುದಿಲ್ಲ. 30 ಡಿಗ್ರಿ ದಾಟಿದರೆ ಕೆಂಪು ಬಣ್ಣವೂ ಸರಿಯಾಗಿ ಕೂರುವುದಿಲ್ಲ, ಹಣ್ಣು ಹಳದಿ ಮಿಶ್ರಿತವಾಗಿ ಉಳಿಯುತ್ತದೆ.

ಇನ್ನು ದರ. ಕೋಲಾರದ ಕಡೆ ಬಯಲಲ್ಲಿ ಬೆಳೆದ ಟೊಮೆಟೊ ರಾಶಿ ರಾಶಿ ಬಂದಾಗ ಪಾಲಿಹೌಸ್ ಸಾಲದ ಕಂತು ಕಟ್ಟುವುದು ಹೇಗೆ? ಪಾಲಿಹೌಸ್ ಹಾಕಿದವರು ಹೆಚ್ಚಾಗಿ ದಪ್ಪ ಮೆಣಸಿನಕಾಯಿ, ಸೌತೆ ಕಡೆ ಹೋಗುವುದು ಸುಮ್ನೆ ಅಲ್ಲ. ಟೊಮೆಟೊನೇ ಬೇಕು ಅಂದರೆ ನೆರಳು ಪರದೆ, ಡ್ರಿಪ್, ಮಣ್ಣಿಗೆ ಹೊದಿಸುವ ಮಲ್ಚಿಂಗ್ ಶೀಟು ಸಾಕು. ಬಿಳಿನೊಣ ಎಲೆ ಮುಟುರು ರೋಗ ತರುತ್ತದೆ, ಆದ್ದರಿಂದ ಸಸಿಮಡಿಗಂತೂ ಕೀಟದ ಬಲೆ ಬೇಕೇ ಬೇಕು. ದುಡ್ಡು ಹಾಕುವ ಮೊದಲು ಹಿರಿಯೂರಿನ ಬಬ್ಬೂರು ಫಾರಂನ ಕೃಷಿ ವಿಜ್ಞಾನ ಕೇಂದ್ರಕ್ಕೆ ಒಮ್ಮೆ ಹೋಗಿ ಬನ್ನಿ, ಮಣ್ಣು ನೀರಿನ ಪರೀಕ್ಷೆಯ ಬಗ್ಗೆಯೂ ಕೇಳಿ.

ಪ್ರಶ್ನೆ: ಹಸಿರುಮನೆಯ ಟೊಮೆಟೊಗೆ ರುಚಿ ಇರಲ್ಲ ಅಂತಾರೆ, ನಿಜಾನಾ?
– ಪಿಯು ವಿದ್ಯಾರ್ಥಿನಿ, ಚಿತ್ರದುರ್ಗ

ಉತ್ತರ: ಮನೆಯದ್ದಲ್ಲ ತಪ್ಪು. ತಳಿ, ಬೆಳಕು, ಗಿಡದಲ್ಲೇ ಹಣ್ಣಾಯಿತಾ ಇಲ್ಲವಾ, ಇವು ಮುಖ್ಯ. ಬೆಳಕು ಕಡಿಮೆಯಾದರೆ ಸಕ್ಕರೆ ಅಂಶ ಕಡಿಮೆ. ದೂರದ ಊರಿಗೆ ಹೋಗಬೇಕು ಅಂತ ಕಾಯಿ ಇದ್ದಾಗಲೇ ಕಿತ್ತರೆ ಬಯಲಿನ ಹಣ್ಣೂ ಸಪ್ಪೆಯೇ. ಫ್ರಿಜ್ಜಿನ ಚಳಿಗೂ ಟೊಮೆಟೊ ಘಮ ಕಳೆದುಕೊಳ್ಳುತ್ತದೆ. ಎರಡು ಮೂರು ದಿನದಲ್ಲಿ ಬಳಸುವುದಾದರೆ ಬುಟ್ಟಿಯಲ್ಲಿ ಹೊರಗೇ ಇಡಿ, ತೊಟ್ಟು ಕೆಳಗೆ ಮಾಡಿ.