ಆಪ್ತಸಲಹೆ: ‘ನನ್ನ ಹೆಸರು ಅಳಿಸಿದ್ದು ಯಾರು?’

(ಗುರುತು ಸಿಗದಂತೆ ವಯಸ್ಸು, ಕೆಲಸ, ಕೆಲವು ಸಂದರ್ಭಗಳನ್ನು ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ.)

ನನಗೆ ಫೋನ್ ಮಾಡಿದ್ದು ಒಬ್ಬ ನಿವೃತ್ತ ಟೀಚರ್ ಇರುವ ಹಿರಿಯರ ವಸತಿಯ ಮ್ಯಾನೇಜರ್. "ತುಂಬಾ ಒಳ್ಳೆಯವರು. ಆದರೆ ಎರಡು ತಿಂಗಳಿಂದ ಎಲ್ಲರ ಮೇಲೂ ರೇಗ್ತಾರೆ. ಸಹಾಯಕಿಯರು ಅವರ ರೂಮಿಗೆ ಹೋಗೋಕೇ ಹೆದರ್ತಿದ್ದಾರೆ. ನೀವೊಂದು ಸಲ ಬಂದು ಬುದ್ಧಿ ಹೇಳಿ" ಅಂದರು. ಬುದ್ಧಿ ಹೇಳೋದು ನನ್ನ ಕೆಲಸ ಅಲ್ಲ. ಆದರೂ ಹೋದೆ.

ಆ ವಸತಿಯ ಬಗ್ಗೆ ಎರಡು ಮಾತು ಹೇಳಬೇಕು. ಅಲ್ಲಿಗೆ ಸೇರುವವರು ಒಂದು ಮಾತಿಗೆ ಒಪ್ಪಿಕೊಂಡೇ ಬರುತ್ತಾರೆ: ಕೈಲಾಗುವಷ್ಟು ದಿನ ಯಾರಿಗಾದರೂ ಉಪಯೋಗಕ್ಕೆ ಬರಬೇಕು, ಯಾರನ್ನೂ ಹೊರಗಿಡಬಾರದು. ಸುತ್ತಲಿನ ಮಕ್ಕಳಿಗೆ ಪಾಠ, ಅಂಗವಿಕಲ ಯುವಕರ ಜೊತೆ ತೋಟದ ಕೆಲಸ, ಒಂಟಿಯಾಗಿ ಬದುಕುವವರಿಗೆ ದಿನಕ್ಕೊಂದು ಫೋನ್. ಊಟದ ಹಾಲಿನ ಬಾಗಿಲ ಪಕ್ಕ ಒಂದು ಕಪ್ಪುಹಲಗೆ ಇದೆ. ಎಡಗಡೆ ವಾರದ ಸೇವೆಗಳು, ಬಲಗಡೆ ಮಾಡುವವರ ಹೆಸರು. ಇಂಥ ಜಾಗಗಳು ನನಗೆ ಇಷ್ಟ. ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಸ್ವಲ್ಪ ದೂರೂ ಇದೆ.

ನಾನು ನೋಡಬೇಕಾಗಿದ್ದವರನ್ನು ಅಲ್ಲಿ ಎಲ್ಲರೂ ‘ಟೀಚರ್’ ಅಂತಲೇ ಕರೆಯುತ್ತಾರೆ. ನಾನೂ ಹಾಗೇ ಕರೆಯುತ್ತೇನೆ. ವಯಸ್ಸು 78. ಗಂಡ ತೀರಿಕೊಂಡಿದ್ದಾರೆ, ಒಬ್ಬನೇ ಮಗ ದೂರದಲ್ಲಿದ್ದಾನೆ. 36 ವರ್ಷ ಚಿಕ್ಕ ಮಕ್ಕಳಿಗೆ ಕಲಿಸಿದವರು. ಅಲ್ಲಿನ ಶನಿವಾರದ ಓದಿನ ಗುಂಪು ಶುರುಮಾಡಿದ್ದೇ ಅವರು. ಮಕ್ಕಳು ಒಬ್ಬೊಬ್ಬರಾಗಿ ಬಂದು ಗಟ್ಟಿಯಾಗಿ ಓದಬೇಕು, ಟೀಚರ್ ಕೇಳಬೇಕು. ಆರು ವರ್ಷ ಒಂದು ಶನಿವಾರವೂ ತಪ್ಪಿಸಿರಲಿಲ್ಲ. ನಾಲ್ಕು ತಿಂಗಳ ಹಿಂದೆ ಬಾತ್‌ರೂಮಿನಲ್ಲಿ ಜಾರಿ ಬಿದ್ದರು. ಸೊಂಟದ ಹತ್ತಿರ ತೊಡೆಯ ಮೂಳೆ ಮುರಿಯಿತು, ಆಪರೇಷನ್ ಆಯಿತು. ಆಸ್ಪತ್ರೆಯಿಂದ ವಾಪಸ್ಸು ಬಂದಾಗ ಅವರನ್ನು ಇಳಿಸಿದ್ದು ಅವರ ಮನೆಯಲ್ಲಲ್ಲ, ಆರೈಕೆ ವಿಭಾಗದ ರೂಮಿನಲ್ಲಿ. "ಸದ್ಯಕ್ಕೆ" ಅಂದಿದ್ದರಂತೆ.

ಮೊದಲ ದಿನ ಅವರೇ ನನ್ನನ್ನು ವಿಚಾರಿಸಿದರು.

"ನಿಮ್ಮನ್ನ ಯಾರು ಕಳಿಸಿದ್ದು?"

"ಮ್ಯಾನೇಜರ್ ಹೇಳಿದ್ದು, ಟೀಚರ್."

"ನಾನು ಹೇಳಿದ್ದನ್ನೆಲ್ಲ ಅವರಿಗೆ ಒಪ್ಪಿಸ್ತೀರಾ?"

"ನೀವು ಹೇಳಿ ಅಂದಿದ್ದು ಮಾತ್ರ. ನಿಮ್ಮ ಜೀವಕ್ಕೆ ಅಪಾಯ ಅನ್ನಿಸಿದರೆ ಮಾತ್ರ ಸುಮ್ಮನಿರಲ್ಲ, ಅದನ್ನೂ ನಿಮಗೆ ಹೇಳಿಯೇ ಮಾಡ್ತೀನಿ."

ಸ್ವಲ್ಪ ಹೊತ್ತು ನೋಡಿದರು. "ಹಾಗಾದ್ರೆ ಹೋಗಿ, ಹಲಗೆ ಮೇಲೆ ನನ್ನ ಹೆಸರು ಅಳಿಸಿದ್ದು ಯಾರು ಅಂತ ತಿಳ್ಕೊಂಡು ಬನ್ನಿ."

ಆಸ್ಪತ್ರೆಯಿಂದ ಬಂದ ದಿನ ವ್ಹೀಲ್‌ಚೇರನ್ನು ಆ ಹಲಗೆಯ ಮುಂದಿನಿಂದಲೇ ತಳ್ಳಿಕೊಂಡು ಹೋಗಿದ್ದರು. ‘ಶನಿವಾರ: ಓದು’ ಎದುರಿಗೆ ಬೇರೆಯವರ ಹೆಸರು. ಅದರ ಕೆಳಗೆ ತಮ್ಮದೇ ಕೈಬರಹ ಮಸುಕಾಗಿ ಕಾಣುತ್ತಿತ್ತಂತೆ. "ಒದ್ದೆ ಬಟ್ಟೇಲಿ ಒರೆಸಿಲ್ಲ. ಅಂಗೈಲಿ ಒರೆಸಿದ್ದಾರೆ" ಅಂದರು. ಅಷ್ಟು ವರ್ಷ ಹಲಗೆಯ ಮುಂದೆ ನಿಂತವರಿಗೆ ಅದು ಗೊತ್ತಾಗುತ್ತದೆ.

ಸಿಟ್ಟಿನ ಹಿಂದೆ ಖಿನ್ನತೆ ಇದೆಯಾ ನೋಡಬೇಕಿತ್ತು. ವಯಸ್ಸಾದವರಲ್ಲಿ ಖಿನ್ನತೆ ಅಳುವಾಗಿ ಬರುವುದಕ್ಕಿಂತ ಸಿಡುಕಾಗಿ, ನಿದ್ದೆಗೇಡಾಗಿ, ಮೈಕೈ ನೋವಾಗಿ ಬರುವುದೂ ಉಂಟು. ಹಿರಿಯರಿಗೆಂದೇ ಮಾಡಿದ 15 ಪ್ರಶ್ನೆಗಳ ಒಂದು ಪಟ್ಟಿ ಇದೆ, ಹೌದು ಅಥವಾ ಇಲ್ಲ ಅಂದರೆ ಸಾಕು. 5 ದಾಟಿದರೆ ಇನ್ನೂ ಸರಿಯಾಗಿ ವಿಚಾರಿಸಬೇಕು ಅಂತ ಲೆಕ್ಕ. ಟೀಚರಿಗೆ 8 ಬಂತು. ತಮ್ಮಿಂದ ಪ್ರಯೋಜನವಿಲ್ಲ ಅನ್ನಿಸುತ್ತದಾ ಎಂಬರ್ಥದ ಪ್ರಶ್ನೆ ಒಂದಿದೆ. ಅದನ್ನು ನಾನು ಓದಿ ಮುಗಿಸುವ ಮೊದಲೇ "ಹೌದು" ಅಂದಿದ್ದರು. ಸಾಯಬೇಕು ಅನ್ನಿಸುತ್ತಾ ಅಂತ ನೇರವಾಗಿಯೇ ಕೇಳಿದೆ. ಕೇಳಿದರೆ ಆ ಯೋಚನೆ ತಲೆಗೆ ಹತ್ತುತ್ತದೆ ಅಂತ ತುಂಬಾ ಜನ ಹೆದರುತ್ತಾರೆ, ಹಾಗೇನಿಲ್ಲ. "ಇಲ್ಲ. ಬೆಳಗ್ಗೆ ಏಳೋದು ಬೇಡ ಅನ್ನಿಸುತ್ತೆ, ಅಷ್ಟೇ" ಅಂದರು.

ಅವರ ಒಪ್ಪಿಗೆ ತೆಗೆದುಕೊಂಡು ವೈದ್ಯರ ಜೊತೆ ಮಾತಾಡಿದೆ. ಆಸ್ಪತ್ರೆಯಲ್ಲಿ ಶುರುವಾದ ನಿದ್ದೆ ಮಾತ್ರೆ ಇನ್ನೂ ನಡೆಯುತ್ತಿತ್ತು. ಈ ವಯಸ್ಸಿನಲ್ಲಿ ಅದರಿಂದ ಹಗಲು ಮಂಪರು, ಮತ್ತೆ ಬೀಳುವ ಸಾಧ್ಯತೆಯೂ ಜಾಸ್ತಿ. ಅದನ್ನು ಒಮ್ಮೆಲೇ ನಿಲ್ಲಿಸದೆ ಸ್ವಲ್ಪ ಸ್ವಲ್ಪವಾಗಿ ಇಳಿಸಿದರು. ಥೈರಾಯ್ಡ್, ಬಿ12 ಪರೀಕ್ಷೆ ಮಾಡಿಸಿದರು, ಎರಡೂ ಸರಿ ಇದ್ದವು.

ಎರಡನೇ ಭೇಟಿಯಲ್ಲಿ ನಾನೇ ಎಡವಿದೆ. "ಕೂತಲ್ಲೇ ಮಾಡೋ ಕೆಲಸ ಏನಾದರೂ ತಗೊಳ್ಳಬಹುದಲ್ವಾ ಟೀಚರ್? ಮಕ್ಕಳ ಪುಸ್ತಕಕ್ಕೆ ಹೊದಿಕೆ ಹಾಕೋದು..." ಅಂದೆ. "ನನ್ನ ಕೈಗೊಂದು ಗಿಲಕಿ ಕೊಡ್ತಿದ್ದೀರಾ?" ಅಂತ ಕೇಳಿದರು. ಅವತ್ತು ಮಾತು ಅಲ್ಲಿಗೇ ನಿಂತಿತು.

ದಾರಿಯುದ್ದಕ್ಕೂ ಅದನ್ನೇ ಯೋಚಿಸಿದೆ. ನಮ್ಮ ಕಸುಬಿನವರು ಆಗಾಗ ಹೇಳುವ ಒಂದು ಪ್ರಯೋಗ ಇದೆ. 1976ರಲ್ಲಿ ಎಲೆನ್ ಲ್ಯಾಂಗರ್ ಮತ್ತು ಜುಡಿತ್ ರೋಡಿನ್ ಅಮೆರಿಕದ ಒಂದು ವೃದ್ಧರ ಆರೈಕೆ ಕೇಂದ್ರದಲ್ಲಿ ಮಾಡಿದ್ದು. ಒಂದು ಅಂತಸ್ತಿನವರಿಗೆ, ಇಲ್ಲಿ ನಿಮ್ಮ ದಿನವನ್ನು ನೀವೇ ತೀರ್ಮಾನಿಸಿ ಅಂತ ಹೇಳಿ, ಬೇಕಾದ ಗಿಡ ಆರಿಸಿಕೊಂಡು ನೀವೇ ನೋಡಿಕೊಳ್ಳಿ ಅಂದರು. ಇನ್ನೊಂದು ಅಂತಸ್ತಿನವರಿಗೂ ಗಿಡ ಕೊಟ್ಟರು, ಆದರೆ ನೀರು ಹಾಕೋದು ನರ್ಸುಗಳು. ಮೂರು ವಾರದಲ್ಲಿ ಮೊದಲನೆಯವರು ಹೆಚ್ಚು ಚುರುಕಾಗಿ, ಗೆಲುವಾಗಿ ಕಂಡರು. ಚಿಕ್ಕ ಪ್ರಯೋಗ, ಅದರ ಮೇಲೆ ದೊಡ್ಡ ಮನೆ ಕಟ್ಟಬಾರದು. ಆದರೆ ಅದನ್ನು ಓದಿದ ನಾವೆಲ್ಲ ಗಿಡವನ್ನು ನೆನಪಿಟ್ಟುಕೊಂಡು ‘ಆರಿಸಿಕೊಂಡು’ ಅನ್ನುವುದನ್ನು ಮರೆತುಬಿಡುತ್ತೇವೆ. ಟೀಚರಿಗೆ ನಾನು ಮಾಡಿದ್ದೂ ಅದನ್ನೇ.

ಮೂರನೇ ಭೇಟಿಗೆ ಕ್ಷಮೆ ಕೇಳಿಯೇ ಶುರುಮಾಡಿದೆ. ಮಾತಿನ ನಡುವೆ ಪೆನ್ನು ಬಿತ್ತು. ಬಗ್ಗಿ ಎತ್ತಿಕೊಳ್ಳುತ್ತಲೇ ಏನೋ ಕೇಳಿದೆ. ಉತ್ತರ ಬರಲಿಲ್ಲ. ಮುಖ ಎತ್ತಿ ಅದನ್ನೇ ಕೇಳಿದೆ, ತಕ್ಷಣ ಹೇಳಿದರು. ಇನ್ನೊಂದು ಸಲ ಬೇಕೆಂದೇ ಕಿಟಕಿ ಕಡೆ ತಿರುಗಿ ಕೇಳಿದೆ. ಮತ್ತೆ ಉತ್ತರ ಇಲ್ಲ.

"ಟೀಚರ್, ನಿಮಗೆ ಕೇಳಿಸೋದು ಕಮ್ಮಿ ಆಗಿದೆ ಅಲ್ವಾ?"

"ಕೇಳಿಸುತ್ತೆ" ಅಂದರು. ಆಮೇಲೆ ತುಂಬಾ ಹೊತ್ತಾದ ಮೇಲೆ, "ಶಬ್ದ ಕೇಳಿಸುತ್ತೆ. ಮಾತು ಗೊತ್ತಾಗಲ್ಲ."

ವಯಸ್ಸಿನ ಕಿವುಡು ಹೀಗೇ ಬರುತ್ತದೆ. ಮೊದಲು ಹೋಗುವುದು ಕೀರಲು ಶಬ್ದಗಳು. ಅ, ಆ, ಓ ಕೇಳುತ್ತಿರುತ್ತವೆ, ಸ, ಶ, ತ ಇಂಥವು ಉದುರಿಹೋಗುತ್ತವೆ. ಹಾಗಾಗಿ ಯಾರೋ ಮಾತಾಡುತ್ತಿದ್ದಾರೆ ಅಂತ ಗೊತ್ತಾಗುತ್ತದೆ, ಏನು ಅಂತ ತಿಳಿಯುವುದಿಲ್ಲ. ಕೂಗಿದರೂ ಅಷ್ಟೇನೂ ಉಪಯೋಗವಿಲ್ಲ. ಎಲ್ಲಕ್ಕಿಂತ ಕಷ್ಟ ಮಕ್ಕಳ ಮಾತು, ಅವರ ದನಿಯೇ ಕೀರಲು.

ಆಮೇಲೆ ಅವರು ಹೇಳಿದ್ದು ಇದು. ಬೀಳುವುದಕ್ಕೆ ಎರಡು ವಾರ ಮೊದಲು ಒಂಬತ್ತು ವರ್ಷದ ಒಬ್ಬ ಹುಡುಗಿ ಓದಲು ಕೂತಿದ್ದಳು. ಕಥೆಯ ನಡುವೆ ತನ್ನದೇ ಒಂದು ಸಾಲು ಸೇರಿಸಿ, ಅದೇ ರಾಗದಲ್ಲಿ ಓದಿದಳು: "ಟೀಚರಿಗೆ ಏನೂ ಕೇಳಿಸಲ್ಲ." ಟೀಚರ್ ತಲೆ ಆಡಿಸಿ "ಶಭಾಷ್, ಚೆನ್ನಾಗಿ ಓದಿದೆ" ಅಂದರು. ಹಿಂದೆ ಕೂತವರು ನಕ್ಕರು. ಯಾಕೆ ಅಂತ ಕೇಳಿದ್ದಕ್ಕೆ ಒಬ್ಬ ಪುಟ್ಟ ಹುಡುಗ ಎದ್ದು ಬಂದು, ಕಿವಿಯ ಹತ್ತಿರ ಗಟ್ಟಿಯಾಗಿ, ಎಲ್ಲವನ್ನೂ ಹೇಳಿಬಿಟ್ಟ.

"ಒಂದು ವರ್ಷದಿಂದ ನಾನು ತಲೆ ಆಡಿಸ್ತಾ ಇದ್ದೆ, ಗೊತ್ತಾ? ತಪ್ಪು ಓದಿದವರಿಗೂ ಶಭಾಷ್. ಬಿದ್ದಾಗ ಒಳಗೊಳಗೇ ಸಮಾಧಾನ ಆಯ್ತು. ಬಿಡೋಕೊಂದು ಕಾರಣ ಸಿಕ್ತು, ಮರ್ಯಾದೆ ಉಳೀತು ಅಂತ. ವಾಪಸ್ಸು ಬಂದು ನೋಡಿದ್ರೆ ಹೆಸರೇ ಇಲ್ಲ."

ಬಿಡಬೇಕು ಅಂತ ಅವರಿಗೇ ಅನ್ನಿಸಿತ್ತು. ಆದರೆ ಬಿಡುವುದು ಅವರ ಕೈಯಲ್ಲೇ ಇರಬೇಕಿತ್ತು. ಸಹಾಯಕಿಯರ ಮೇಲಿನ ಸಿಟ್ಟಿನ ಗಂಟೂ ಇಲ್ಲೇ ಬಿಚ್ಚಿಕೊಂಡಿತು. ಅವರು ಬಾಗಿಲಲ್ಲೇ ಮಾತಾಡುತ್ತಾ ಒಳಗೆ ಬಂದು ಹಿಂದಿನಿಂದ ತೋಳು ಹಿಡಿದು ಎಬ್ಬಿಸುತ್ತಿದ್ದರು. ಮಾತು ಕೇಳಿಸಿರುತ್ತಿರಲಿಲ್ಲ. ಒಮ್ಮೆ ಬಿದ್ದವರನ್ನು ಹೇಳದೆ ಕೇಳದೆ ಹಿಡಿದೆಳೆದರೆ ಯಾರಾದರೂ ಕೂಗುತ್ತಾರೆ.

ಅವತ್ತು ಅವರಿಗೆ ಎರಿಕ್ ಎರಿಕ್ಸನ್ ಅನ್ನುವ ಮನಶ್ಶಾಸ್ತ್ರಜ್ಞರ ವಿಷಯ ಹೇಳಿದೆ. ಪಾಠದಂಥದ್ದು ಅವರಿಗೆ ಇಷ್ಟ. ಹುಟ್ಟಿನಿಂದ ಮುಪ್ಪಿನವರೆಗೆ ಮನಸ್ಸು ದಾಟುವ ಎಂಟು ಹಂತಗಳನ್ನು ಎರಿಕ್ಸನ್ ಹೇಳಿದ್ದರು. ಏಳನೆಯದು ಮುಂದಿನ ತಲೆಮಾರಿಗೆ ಏನಾದರೂ ಕೊಡಬೇಕೆನ್ನುವ ಹಂತ. ಇಂಥ ವಸತಿಗಳೆಲ್ಲ ನಿಂತಿರುವುದೇ ಅದರ ಮೇಲೆ. ಎರಿಕ್ಸನ್ 1994ರಲ್ಲಿ ತೀರಿಕೊಂಡರು. ಅವರ ಹೆಂಡತಿ ಜೋನ್ ತಾವೇ ತೊಂಬತ್ತು ದಾಟಿದ ಮೇಲೆ ಒಂಬತ್ತನೆಯ ಹಂತವೊಂದನ್ನು ಸೇರಿಸಿದರು. ಅದು 1997ರಲ್ಲಿ ಅಚ್ಚಾಯಿತು. ಮೈ ಮಾತು ಕೇಳದೆ ಹೋದಾಗ ಹಸುಗೂಸಿನ ಕಾಲದ ಪ್ರಶ್ನೆ ಮತ್ತೆ ಎದುರಿಗೆ ಬಂದು ನಿಲ್ಲುತ್ತದೆ ಅನ್ನುವುದು ಅದರಲ್ಲಿ ಬರುತ್ತದೆ: ನನ್ನನ್ನು ಎತ್ತಿಕೊಳ್ಳುವ ಕೈಗಳನ್ನು ನಂಬಲಾ, ಬೇಡವಾ?

"ಅಂದ್ರೆ ಮತ್ತೆ ಒಂದನೇ ಕ್ಲಾಸು" ಅಂದರು ಟೀಚರ್. ಅವರು ನಕ್ಕಿದ್ದನ್ನು ಮೊದಲ ಸಲ ನೋಡಿದೆ.

ಸ್ವಲ್ಪ ಹೊತ್ತಿನ ಮೇಲೆ ಅವರೇ ಒಂದು ಮಾತು ಹೇಳಿದರು. ಹೊಸಬರು ಸೇರುವಾಗ ತುಂಬುವ ಫಾರಂ ಬರೆದಿದ್ದು ಅವರೇ ಅಂತೆ. ನೀವು ಏನು ಕೊಡಬಲ್ಲಿರಿ ಅಂತ ಅದರಲ್ಲಿ ಆರು ಪ್ರಶ್ನೆ ಇವೆ. ನಿಮಗೆ ಏನು ಬೇಕು ಅಂತ ಒಂದೂ ಇಲ್ಲ. "ಆರು ವರ್ಷದಲ್ಲಿ ಈ ಆರೈಕೆ ವಿಭಾಗಕ್ಕೆ ನಾನು ಎಷ್ಟು ಸಲ ಬಂದಿದ್ದೆ ಅಂತ ನಿನ್ನೆ ಎಣಿಸಿದೆ. ಮೂರು ಸಲ. ಅದೂ ಗೇಟಿನ ಆಚೆ ಇಲ್ಲ, ಐವತ್ತು ಹೆಜ್ಜೆ."

ನಾನು ಕೊಟ್ಟ ಸಲಹೆಗಳಲ್ಲಿ ಮೊದಲನೆಯದು ಕಿವಿಯ ಪರೀಕ್ಷೆ. ಹಿಯರಿಂಗ್ ಏಡ್ ಹಾಕಿದ ದಿನವೇ ಎಲ್ಲ ಸರಿಹೋಗುತ್ತದೆ ಅಂದುಕೊಳ್ಳಬೇಡಿ ಅಂದೆ. ಮಿದುಳು ಮರೆತ ಶಬ್ದಗಳನ್ನು ಮತ್ತೆ ಗುರುತಿಸಲು ವಾರಗಟ್ಟಲೆ ಬೇಕು. ಮೊದಲು ಕಾಗದದ ಸರಬರ, ಬಟ್ಟಲಿನ ಸದ್ದೇ ತಲೆ ತಿನ್ನುತ್ತದೆ. ತುಂಬಾ ಜನ ಆ ಹಂತದಲ್ಲೇ ಅದನ್ನು ಡಬ್ಬಿಗೆ ಹಾಕಿಬಿಡುತ್ತಾರೆ. ನಿಶ್ಶಬ್ದವಾದ ರೂಮಿನಲ್ಲಿ, ಒಬ್ಬರೇ ಎದುರಿಗಿದ್ದಾಗ ಶುರುಮಾಡಿ, ದಿನಾ ಹಾಕಿಕೊಳ್ಳಿ ಅಂದೆ.

ಎರಡನೆಯದು ಅವರಿಗೆ ಹಿಡಿಸಲಿಲ್ಲ. ದಿನಕ್ಕೆ ಒಂದು ಸಹಾಯವನ್ನು ಬೇಕೆಂದೇ ಕೇಳಿ ಪಡೆಯಬೇಕು. ಯಾವುದು, ಯಾರಿಂದ, ಹೇಗೆ ಅನ್ನುವುದೆಲ್ಲ ಅವರ ಇಷ್ಟ. "ಎದುರಿಗೆ ಬಂದು ಹೇಳಿ, ಆಮೇಲೆ ಎಡಗಡೆಯಿಂದ ಹಿಡ್ಕೊಳ್ಳಿ" ಅಂತ ಸಹಾಯಕಿಗೆ ಹೇಳಿಕೊಡುವುದೂ ಅದರಲ್ಲೇ ಸೇರಿತು. ಹೇಳಿಕೊಡುವುದು ಅಂದ ತಕ್ಷಣ ಒಪ್ಪಿದರು.

ಮಕ್ಕಳಿಗೆ ನಿಜ ಹೇಳುವುದು ಮೂರನೆಯದು. ಅದನ್ನು ನಾನು ಒತ್ತಾಯ ಮಾಡಲಿಲ್ಲ.

ಅವರ ಅನುಮತಿಯಿಂದ ಮ್ಯಾನೇಜರ್ ಮತ್ತು ಸಮಿತಿಯವರ ಜೊತೆ ಒಂದು ಗಂಟೆ ಕೂತೆ. ಅವರು ಕೆಟ್ಟವರಲ್ಲ. "ಅವರಿಗೆ ಹೊರೆ ಆಗಬಾರದು ಅಂತ ತೆಗೆದ್ವಿ" ಅಂದರು, ಅದು ನಿಜವೇ. ಆದರೆ ಕೇಳಲಿಲ್ಲ. ಆರೈಕೆ ವಿಭಾಗಕ್ಕೆ ಹೋದವರ ಹೆಸರು ಹಲಗೆಯಿಂದ ತಾನಾಗಿ ಬಿದ್ದುಹೋಗುತ್ತಿತ್ತು. ಊಟಕ್ಕೂ ವಾಕರಿನವರಿಗೆ, ವ್ಹೀಲ್‌ಚೇರಿನವರಿಗೆ ಮೂಲೆಯ ಮೇಜು. ಓಡಾಡಲು ಜಾಗ ಬೇಕಲ್ಲ ಅಂತ ಕಾರಣ. ಹೊರಗಿನವರನ್ನೆಲ್ಲ ಪ್ರೀತಿಯಿಂದ ಒಳಗೆ ಕರೆದ ಜನ, ತಮ್ಮದೇ ನೆರೆಯವರನ್ನು ಒಂದೊಂದೇ ಹೆಜ್ಜೆ ಹೊರಗೆ ಸರಿಸಿದ್ದರು. ಯಾರದೇ ಹೆಸರು ತೆಗೆಯುವ ಮೊದಲು ಅವರನ್ನೇ ಕೇಳಿ, ಮೂಲೆಯ ಮೇಜನ್ನು ಎತ್ತಿಬಿಡಿ ಅಂದೆ. ಎರಡು ಕುರ್ಚಿ ತೆಗೆದರೆ ಯಾವ ಮೇಜಿಗಾದರೂ ವ್ಹೀಲ್‌ಚೇರ್ ಹಿಡಿಸುತ್ತದೆ. ಮನೆಗೆ ವಾಪಸ್ಸು ಹೋಗುವ ವಿಷಯದಲ್ಲಿ ‘ಸದ್ಯಕ್ಕೆ’ ಅನ್ನುವ ಮಾತು ಬಿಟ್ಟು, ಫಿಸಿಯೋಥೆರಪಿಯಲ್ಲಿ ಏನೇನು ಸಾಧಿಸಿದರೆ ಹೋಗಬಹುದು ಅಂತ ಬರೆದು ಕೊಡಿ ಅಂದೆ.

ಮಗನ ಜೊತೆ ಫೋನಿನಲ್ಲಿ ಹತ್ತು ನಿಮಿಷ ಮಾತು. ಅಮ್ಮ ಹೇಗಿದ್ದಾರೆ ಅಂತ ಮ್ಯಾನೇಜರನ್ನು ಕೇಳುವ ಬದಲು ಅಮ್ಮನನ್ನೇ ಕೇಳಿ, ಮುಖ ಕಾಣುವ ಹಾಗೆ ವಿಡಿಯೋ ಕರೆ ಮಾಡಿ ಅಂದೆ. ಅಮ್ಮನಿಗೆ ಕೇಳಿಸುವುದಿಲ್ಲ ಅನ್ನುವುದು ಆತನಿಗೆ ಗೊತ್ತೇ ಇರಲಿಲ್ಲ. ಹಾಗೆ ಹೇಳಬಹುದು ಅಂತ ಟೀಚರ್ ಒಪ್ಪಲು ಎರಡು ವಾರ ತೆಗೆದುಕೊಂಡಿದ್ದರು.

ಒಟ್ಟು ಒಂಬತ್ತು ಭೇಟಿ ಆಯಿತು. ಕೊನೆಯಲ್ಲಿ ಅದೇ ಪಟ್ಟಿ ಮತ್ತೆ ಕೇಳಿದಾಗ 4 ಬಂತು. ಮನೆಗೆ ಇನ್ನೂ ಹೋಗಿಲ್ಲ, ಹೋಗುವುದು ಅನುಮಾನವೇ. ಒಬ್ಬ ಸಹಾಯಕಿಯನ್ನು ಕಂಡರೆ ಈಗಲೂ ಆಗುವುದಿಲ್ಲ. ಶನಿವಾರದ ಗುಂಪನ್ನು ಅವರು ಮತ್ತೆ ವಹಿಸಿಕೊಳ್ಳಲಿಲ್ಲ. ಒಂದು ಸಲಕ್ಕೆ ಒಬ್ಬರಂತೆ ಮಕ್ಕಳು ಅವರ ರೂಮಿಗೆ ಬರುತ್ತಾರೆ, ಪುಸ್ತಕ ಇಬ್ಬರಿಗೂ ಕಾಣುವ ಹಾಗೆ ಹಿಡಿದು ಓದುತ್ತಾರೆ. ಮೊದಲು ಬಂದವಳು ಆ ಒಂಬತ್ತು ವರ್ಷದ ಹುಡುಗಿ. ಏನು ಮಾತಾಡಿಕೊಂಡರು ಅಂತ ಟೀಚರ್ ನನಗೆ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಪಕ್ಕದ ರೂಮಿನಲ್ಲಿ ಪಾರ್ಶ್ವವಾಯು ಆಗಿ ಮಾತು ಹೋದ ಹಿರಿಯರೊಬ್ಬರಿದ್ದಾರೆ. ಟೀಚರ್ ಹತ್ತಿರ ಓದಿ ಮುಗಿಸಿದ ಮಗು ಅದೇ ಪಾಠವನ್ನು ಅವರಿಗೂ ಒಮ್ಮೆ ಓದಿ ಹೇಳಬೇಕು ಅಂತ ಟೀಚರ್ ನಿಯಮ ಮಾಡಿದ್ದಾರೆ. ಅವರ ಕಿವಿ ಚೆನ್ನಾಗಿದೆ. ತಪ್ಪಿದರೆ ಬೆರಳು ಎತ್ತುತ್ತಾರೆ. ಅವರ ಹೆಸರನ್ನೂ ಹಲಗೆಯಲ್ಲಿ ಬರೆಯಬೇಕು ಅಂತ ಟೀಚರ್ ಹಟ ಹಿಡಿದರು. ಸುಮ್ಮನೆ ಮಲಗಿ ಕೇಳುವುದನ್ನು ಸೇವೆ ಅನ್ನಬಹುದಾ ಅಂತ ಸಮಿತಿಯಲ್ಲಿ ಎರಡು ಸಭೆ ಚರ್ಚೆಯಾಗಿದೆ, ಇನ್ನೂ ತೀರ್ಮಾನ ಆಗಿಲ್ಲ. ಟೀಚರ್ ವಾಕರ್ ಹಿಡಿದುಕೊಂಡು ಹೋಗಿ, ಹಲಗೆಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಆ ಹೆಸರನ್ನು ಬರೆದು ಬಂದಿದ್ದಾರೆ.