ಪ್ರತಿಕ್ರಿಯೆ: ಕಾಳಿ ಅಳಿವೆಯ ಕೆಸರು, ಹವಳದ ಲಾರ್ವಾ

ಕಾಳಿ ನದಿಯ ಅಳಿವೆಯ ಕೆಸರು ಹವಳದ ಲಾರ್ವಾಗಳಿಗೆ (ಈಜುವ ಮರಿಗಳಿಗೆ) ಎಷ್ಟು ಹಾನಿ ಮಾಡುತ್ತದೆಂದು ನೋಡುವ ನಿಮ್ಮ ಪ್ರಯೋಗದಲ್ಲಿ, ಬೀಕರಿಗೆ ಹಾಕಿದ ಕೆಸರು ತಳ ಹಿಡಿಯುತ್ತದೆ, ಕಲಕಿದರೆ ಲಾರ್ವಾ ಸಾಯುತ್ತವೆ ಎಂದಿದ್ದೀರಿ. ಮೊದಲು ಮ್ಯಾಗ್ನೆಟಿಕ್ ಸ್ಟಿರರ್ (ಕಾಂತದಿಂದ ತಿರುಗುವ ಕಲಕುವ ಕಡ್ಡಿ) ತೆಗೆಯಿರಿ, ಅದರ ಹೊಡೆತಕ್ಕೇ ಲಾರ್ವಾ ಛಿದ್ರವಾಗುತ್ತವೆ. ಗಾಳಿಗುಳ್ಳೆ ಉಳಿಯದಂತೆ ನೀರು ತುಂಬಿದ ಬಾಟಲಿಗಳನ್ನು ಚಕ್ರಕ್ಕೆ ಕಟ್ಟಿ ನಿಧಾನ ತಿರುಗಿಸಿ. ಕೆಸರಿಲ್ಲದ ಬಾಟಲಿಯೂ ಅದೇ ಚಕ್ರದಲ್ಲಿರಲಿ. ಇಲ್ಲವಾದರೆ ಸತ್ತದ್ದು ಕೆಸರಿಗೋ ತಿರುಗಿದ್ದಕ್ಕೋ ತಿಳಿಯದು.

ಕೆಸರನ್ನು 63 ಮೈಕ್ರಾನ್ ಜರಡಿಯಲ್ಲಿ ಹಸಿಯಾಗಿಯೇ ಸೋಸಿ. ನೀರಿನಲ್ಲಿ ಕೆಸರೆಷ್ಟಿದೆ ಎಂದು ತಿಳಿಯಲು ಬಣ್ಣ ನಂಬಬೇಡಿ: ಬಾಟಲಿಯ ನೀರನ್ನು ತೂಗಿಟ್ಟ ಫಿಲ್ಟರಿನಲ್ಲಿ ಸೋಸಿ, ಡಿಸ್ಟಿಲ್ಡ್ ನೀರಲ್ಲಿ ತೊಳೆದು, 105 ಡಿಗ್ರಿಯಲ್ಲಿ ಒಣಗಿಸಿ ಮತ್ತೆ ತೂಗಿ. ತೊಳೆಯದಿದ್ದರೆ ಉಪ್ಪಿನ ತೂಕವೂ ಸೇರುತ್ತದೆ. ಅಳಿವೆಯ ಕಪ್ಪು ಕೆಸರಿನಲ್ಲಿ ಕೊಳೆತ ಎಲೆ ಜಾಸ್ತಿ, ಮುಚ್ಚಿದ ಬಾಟಲಿಯ ಆಮ್ಲಜನಕ ತಿಂದುಬಿಡುತ್ತದೆ. ಆಮ್ಲಜನಕವನ್ನು ದಿನವೂ ಅಳೆಯಿರಿ.

ಸತ್ತವನ್ನಷ್ಟೇ ಎಣಿಸಿದರೆ ಸಾಲದು. ಸಣ್ಣ ಕಣಗಳು ಲಾರ್ವಾದ ಈಜುವ ರೋಮಗಳಿಗೆ ಅಂಟಿಕೊಳ್ಳುತ್ತವೆ. ಈಜು ನಿಂತ ಲಾರ್ವಾ ಬದುಕಿದ್ದರೂ ನೆಲೆಯೂರಲಾರದು. ಸೂಕ್ಷ್ಮದರ್ಶಕದಲ್ಲಿ ಈಜುವವು, ತಿರುಗುವವು, ನಿಂತವು ಎಂದು ಬೇರೆಬೇರೆ ಎಣಿಸಿ.

ಒಂದು ಮಾತು: ನೇತ್ರಾಣಿಯ ಹವಳ ಬೆಚ್ಚನೆಯ ನೀರಿನದು. ನಾರ್ವೆಯ ತಣ್ಣೀರಿನ ಹವಳ ಲೋಫೀಲಿಯಾ 4ರಿಂದ 12 ಡಿಗ್ರಿಯಲ್ಲಿ ಬೆಳೆಯುತ್ತದೆ, ಅದರ ಲಾರ್ವಾ ವಾರಗಟ್ಟಲೆ ತೇಲುತ್ತವೆ. ಒಂದು ಹವಳ ಕೆಸರು ಸಹಿಸುವ ಮಿತಿಯನ್ನು ಇನ್ನೊಂದಕ್ಕೆ ಖಂಡಿತ ಹಚ್ಚಬೇಡಿ.