ಆತ್ಮರಕ್ಷಣೆಗೆ ಕೈಬಂದೂಕಿನ ಸಲಹೆ: '21 ಅಡಿ ನಿಯಮ' ಎಲ್ಲರಿಗೂ ಅನ್ವಯಿಸುತ್ತದೆಯೇ?

ಇಲ್ಲ. ಚಾಕು ಹಿಡಿದವನು 21 ಅಡಿಯೊಳಗೆ ಬಂದರೆ ಗುಂಡು ಹೊಡೆಯಬಹುದು ಅನ್ನುವ ಈ ಮಾತು ಎಲ್ಲಿಂದ ಬಂತು ಅಂತ ಮೊದಲು ನೋಡಿ. 1983ರಲ್ಲಿ ಅಮೆರಿಕದ ಸಾಲ್ಟ್ ಲೇಕ್ ಸಿಟಿಯ ಪೊಲೀಸ್ ಸಾರ್ಜೆಂಟ್ ಡೆನಿಸ್ ಟ್ಯೂಲರ್ ಒಂದು ಲೇಖನ ಬರೆದರು. ಚಾಕು ಹಿಡಿದವನು 21 ಅಡಿ ದೂರವನ್ನು ಸುಮಾರು ಒಂದೂವರೆ ಸೆಕೆಂಡಿನಲ್ಲಿ ದಾಟಬಲ್ಲ. ತರಬೇತಿ ಪಡೆದವರಿಗೆ ಪಿಸ್ತೂಲ್ ತೆಗೆದು ಗುಂಡು ಹಾರಿಸಲು ಹೆಚ್ಚುಕಡಿಮೆ ಅಷ್ಟೇ ಹೊತ್ತು ಬೇಕು. ಟ್ಯೂಲರ್ ಕೊಟ್ಟಿದ್ದು ಎಚ್ಚರಿಕೆ. 21 ಅಡಿಯೊಳಗೆ ಬಂದವರಿಗೆ ಗುಂಡು ಹೊಡೆಯಬಹುದು ಎನ್ನುವ ಕಾನೂನಲ್ಲ!

ಪೊಲೀಸರ ಪಿಸ್ತೂಲ್ ಸೊಂಟದ ಹೊರಗೇ ಇರುತ್ತದೆ. ನಿಮ್ಮದು ಜಾಕೆಟ್ ಒಳಗೋ ಬ್ಯಾಗಿನಲ್ಲೋ ಇದ್ದರೆ ಜಾಸ್ತಿ ಹೊತ್ತು ಬೇಕು, ಅಲ್ವಾ? ಪಕ್ಕದಲ್ಲಿ ಮಗು ಇದ್ದರೆ ಲೆಕ್ಕವೇ ಬೇರೆ.

ಅಮೆರಿಕದಲ್ಲಿ ಕಾನೂನೂ ರಾಜ್ಯಕ್ಕೊಂದು. ಟೆಕ್ಸಾಸ್‌ನಲ್ಲಿ 2021ರ ಸೆಪ್ಟೆಂಬರ್‌ನಿಂದ 21 ವರ್ಷ ತುಂಬಿದ ಬಹುತೇಕರಿಗೆ ಕೈಬಂದೂಕು ಒಯ್ಯಲು ಪರವಾನಗಿ ಬೇಡ. ನ್ಯೂಯಾರ್ಕ್‌ನಲ್ಲಿ ಬೇಕೇ ಬೇಕು. ಅಲ್ಲಿ ಮನೆಯ ಹೊರಗೆ ಪೂರ್ತಿ ಸುರಕ್ಷಿತವಾಗಿ ಹಿಂದೆ ಸರಿಯಲು ಸಾಧ್ಯವಿದ್ದರೆ, ಪ್ರಾಣ ತೆಗೆಯುವಂಥ ಬಲ ಬಳಸದೆ ಸರಿಯಲೇಬೇಕು. ಟೆಕ್ಸಾಸ್‌ನಲ್ಲಿ ಸಾಮಾನ್ಯವಾಗಿ ಆ ಕಟ್ಟುಪಾಡಿಲ್ಲ. ಟೆಕ್ಸಾಸ್‌ನ ಡಲ್ಲಾಸ್‌ ನಗರದ ಗೆಳೆಯರ ಸಲಹೆಯನ್ನು ಸುಮ್ನೆ ನಂಬಿ ನ್ಯೂಯಾರ್ಕ್‌ನಲ್ಲಿ ನಡೆದರೆ ಜೈಲು ಸೇರಬೇಕಾದೀತು. ಅಲ್ಲಿರುವ ನಮ್ಮ ಕನ್ನಡದವರು ದಯವಿಟ್ಟು ಮೊದಲು ತಮ್ಮ ರಾಜ್ಯದ ವಕೀಲರನ್ನು ಕೇಳಲಿ.